ನಿನಗೆ ಯಾವ ಕೆಲಸ ಕೊಡಬಾರದು?

ನಮ್ಮ ಮೇಲಿನ ಮನೆಯ ನಿತ್ಯಾ ಮೊನ್ನೆ ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಆಂಟಿ, ಉಂಗ ವೀಕ್‌ನೆಸ್ ಎನ್ನಾನ್ನು ಕೇಟ್ಟಾ ಎನ್ನ ಸೊಲ್ರದು?" ಅವಳಿಗೆ ಮುಂದಿನ ವಾರ ಇಂಟರ್‌ವ್ಯೂ. ನಿಮ್ಮ ದೌರ್ಬಲ್ಯ ಏನು ಅಂತ ಕೇಳಿದರೆ ಏನು ಹೇಳಬೇಕು ಅನ್ನುವುದು ಅವಳ ಚಿಂತೆ. ಅವರದೂ ಕನ್ನಡದ ಮನೆಯೇ. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಏನೂ ತೊಂದರೆಯಿಲ್ಲ.

ಬೆಸೆಂಟ್ ನಗರದ ಈ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಹುಡುಕುವ ಮಕ್ಕಳೆಲ್ಲ ಒಂದಲ್ಲ ಒಂದು ದಿನ ನಮ್ಮ ಮನೆಯ ಬೆಲ್ ಒತ್ತುತ್ತಾರೆ. ನಾನು ಅಂಬತ್ತೂರು ಎಸ್ಟೇಟಿನ ಒಂದು ಪಂಪ್ ಕಾರ್ಖಾನೆಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ವಿಭಾಗದಲ್ಲಿ ಇದ್ದು ರಿಟೈರ್ ಆದವಳು. ಆಗ ಅದಕ್ಕೆ ಪರ್ಸನೆಲ್ ಡಿಪಾರ್ಟ್‌ಮೆಂಟ್ ಅಂತ ಹೆಸರು, ಈಗ ಎಚ್ಆರ್. ಮಕ್ಕಳೆಲ್ಲ ಕೇಳುವುದು ಇದೇ ಒಂದು ಪ್ರಶ್ನೆ. ಸಂಬಳದ ಬಗ್ಗೆ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ದೌರ್ಬಲ್ಯದ ವಿಷಯ ಬಂದಾಗ ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ನನ್ನ ಸೋಫಾದಲ್ಲಿ ಕೂರುತ್ತಾರೆ.

ನಿತ್ಯಾಗೆ ಒಂದು ಮಾತಿನಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಕೊಬ್ಬರಿ ಮಿಠಾಯಿ ಕೊಟ್ಟು, ಬರೆದು ಕೊಡುತ್ತೇನೆ ಅಂತ ಕಳಿಸಿದೆ. ಬರೆಯಲು ಕೂತರೆ ಇಷ್ಟಾಗಿದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಅನ್ನುವುದು ಅರ್ಧ ಬರೆದ ಮೇಲೆ ನೆನಪಾಯಿತು. ಅವಳ ಅಮ್ಮ ಓದಿ ಹೇಳಲಿ.

ನನ್ನ ಇಂಟರ್‌ವ್ಯೂನಿಂದಲೇ ಶುರುಮಾಡುತ್ತೇನೆ. ಆಗ ನಾವು ಪಶ್ಚಿಮ ಮಾಂಬಲಂನಲ್ಲಿದ್ದೆವು. ಅಪ್ಪ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಒಬ್ಬಳೇ ರೈಲು ಬದಲಾಯಿಸಿ ಪಟ್ಟರವಾಕ್ಕಂನಲ್ಲಿ ಇಳಿದು, ಎಣ್ಣೆ ಮತ್ತು ಕಬ್ಬಿಣದ ಪುಡಿಯ ವಾಸನೆ ಹೊಡೆಯುವ ಆ ರಸ್ತೆಯಲ್ಲಿ ಸೀರೆ ಎತ್ತಿ ಹಿಡಿದು ನಡೆದು ಕಾರ್ಖಾನೆ ಸೇರುವಷ್ಟರಲ್ಲಿ ನನ್ನ ಅರ್ಧ ಧೈರ್ಯ ಖರ್ಚಾಗಿತ್ತು. ಮೇಜಿನ ಆಚೆ ಕೂತಿದ್ದವರು ಮಾದೇಶನ್ ಸರ್, ಪರ್ಸನೆಲ್ ಮ್ಯಾನೇಜರು. ಅಗಲವಾದ ಮುಖ, ತೋಳು ಮಡಿಸಿದ ಬಿಳಿ ಅಂಗಿ, ಕೈಯಲ್ಲಿ ಇಂಕ್ ಪೆನ್ನು. ಇಂಗ್ಲಿಷಿನಲ್ಲಿ ಒಂದಷ್ಟು ಕೇಳಿದರು. ಆಮೇಲೆ ನನ್ನ ಅರ್ಜಿ ನೋಡಿ, ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರು. ಕನ್ನಡ ಅಂದೆ. ಅವರ ಮುಖ ಅರಳಿತು.

ಅವರು ಸೇಲಂ ಕಡೆಯ ನೇಕಾರರ ಮನೆಯವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಒಂದಕ್ಷರವೂ ಓದಲು ಬಾರದು. ಅವರ ಮಾತಿನಲ್ಲಿ ಕೆಲಸ ಅಂದರೆ ವೇಲೆ, ಊಟ ಅಂದರೆ ಸಾಪಾಡು. ನಮ್ಮ ಮನೆಯವರು ಕೇಳಿದ್ದರೆ ನಗುತ್ತಿದ್ದರು. ನನಗೆ ಆ ಹೊತ್ತಿನಲ್ಲಿ ಅದು ಅಮೃತದ ಹಾಗಿತ್ತು.

ಅವರು ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟು ಕೇಳಿದರು. "ಒಂದು ಕೇಳ್ವಿ ಅಮ್ಮಾ. ನಿನಗೆ ಯಾವ ವೇಲೆ ಕೊಡಬಾರದು?"

ನಾನು ಕಣ್ಣು ಕಣ್ಣು ಬಿಟ್ಟೆ. ಯಾವ ಕೆಲಸ ಬರುತ್ತದೆ ಅಂತ ಕೇಳಿದರೆ ಹೇಳಲು ಟೈಪಿಂಗು, ಶಾರ್ಟ್‌ಹ್ಯಾಂಡು ಎಲ್ಲ ಸಿದ್ಧವಾಗಿದ್ದವು. ಇದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿರದ ಕಾರಣ ಬಾಯಿಂದ ನಿಜವೇ ಬಂತು. ಕೆಟ್ಟ ಸುದ್ದಿ ಹೇಳುವ ಕೆಲಸ ನನಗೆ ಕೊಡಬೇಡಿ ಸರ್, ಅದೊಂದು ನನ್ನಿಂದ ಆಗುವುದಿಲ್ಲ ಅಂದೆ. ಯಾಕೆ ಅಂತ ಕೇಳಿದರು. ಸೀತತ್ತೆಯ ಕಥೆ ಹೇಳಿದೆ.

ಸೀತತ್ತೆ ಅಪ್ಪನ ತಂಗಿ, ಟ್ರಿಪ್ಲಿಕೇನಿನಲ್ಲಿ ಮನೆ. ಅವರ ಮಗಳಿಗೆ ಕುಂಭಕೋಣದ ಒಂದು ಸಂಬಂಧ ನೋಡಿದ್ದರು. ಹುಡುಗನ ಕಡೆಯವರು ಬೇಡ ಅಂತ ನಮ್ಮಪ್ಪನಿಗೆ ಹೇಳಿ ಕಳಿಸಿದರು. ಅಪ್ಪನಿಗೆ ಡ್ಯೂಟಿ, ಅಮ್ಮನಿಗೆ ಜ್ವರ. ಹೋಗಿ ಮೆಲ್ಲಗೆ ಹೇಳಿ ಬಾ ಅಂತ ನನ್ನನ್ನು ಕಳಿಸಿದರು. ಹೋದೆ. ಅತ್ತೆ ಬಾಗಿಲು ತೆಗೆದು ನನ್ನ ಮುಖವನ್ನೇ ನೋಡಿದರು. ಆ ಕಣ್ಣು ನೋಡಿ ನನ್ನ ಬಾಯಿಗೆ ಬೀಗ ಬಿತ್ತು. ನಕ್ಕೆ. ನಕ್ಕಿದ್ದೇ ತಪ್ಪಾಯಿತು. ಅತ್ತೆ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ, ದೇವರಿಗೆ ತುಪ್ಪದ ದೀಪ ಹಚ್ಚಿ, ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿ ತುಂಬಿ ಕೊಟ್ಟರು. ಆ ಡಬ್ಬಿ ಹಿಡಿದುಕೊಂಡು ಮನೆಗೆ ಬಂದೆ. ಅಪ್ಪ ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಅಂಗಿ ಹಾಕಿಕೊಂಡು ಟ್ರಿಪ್ಲಿಕೇನಿಗೆ ಹೊರಟರು.

ಮಾದೇಶನ್ ಸರ್ ನಗಲಿಲ್ಲ. ಮಿಠಾಯಿ ಏನಾಯಿತು ಅಂತ ಮಾತ್ರ ಕೇಳಿದರು. ಯಾರೂ ತಿನ್ನಲಿಲ್ಲ ಸರ್ ಅಂದೆ. ಅವರು ತಲೆಯಾಡಿಸಿದರು. "ಸರಿ. ಆ ವೇಲೆ ನಿನಗೆ ಕೊಡಲ್ಲ. ಬಾಕಿ ಎಲ್ಲ ಮಾಡ್ತೀಯಲ್ಲ?"

ಅಲ್ಲಿಗೆ ಇಂಟರ್‌ವ್ಯೂ ಮುಗಿಯಿತು. ನನ್ನ ಉತ್ತರವನ್ನು ಅವರು ಎಲ್ಲೂ ಬರೆದುಕೊಳ್ಳಲಿಲ್ಲ. ಬರೆಯದಿದ್ದರೂ ಮರೆಯಲಿಲ್ಲ. ಅವರ ಕೈಕೆಳಗೆ ನಾನಿದ್ದಷ್ಟು ವರ್ಷ ಆ ಮಾತನ್ನು ನಡೆಸಿಕೊಟ್ಟರು.

ಆ ಪ್ರಶ್ನೆಯನ್ನು ಅವರು ಎಲ್ಲರಿಗೂ ಕೇಳುತ್ತಿದ್ದರು. ಎತ್ತರ ಹತ್ತಿದರೆ ತಲೆ ಸುತ್ತುತ್ತದೆ ಅಂದವನನ್ನು ಕ್ರೇನ್ ಮೇಲೆ ಕಳಿಸದೆ ನೆಲದ ಮೇಲಿನ ಅಸೆಂಬ್ಲಿಗೆ ಹಾಕಿದರು. ಒಬ್ಬನೇ ಕೂತರೆ ನಿದ್ದೆ ಬರುತ್ತದೆ ಅಂದವನನ್ನು ಸ್ಟೋರಿಗೆ ಹಾಕದೆ ಲೋಡಿಂಗ್ ಮಾಡುವ ಗುಂಪಿನ ನಡುವೆ ಬಿಟ್ಟರು. ಯಾವ ಕೆಲಸವಾದರೂ ಕೊಡಿ ಸರ್ ಮಾಡುತ್ತೇನೆ ಅಂದವರನ್ನು ಕಂಡರೆ ಅವರಿಗೆ ಅಷ್ಟಾಗಿ ಆಗುತ್ತಿರಲಿಲ್ಲ. ಇವರು ಒಂದೋ ತಮ್ಮನ್ನು ನೋಡಿಕೊಂಡಿಲ್ಲ, ಇಲ್ಲ ನನ್ನನ್ನು ನಂಬಿಲ್ಲ ಅನ್ನುತ್ತಿದ್ದರು.

ಕೆಟ್ಟ ಸುದ್ದಿ ಹೇಳುವ ಅವರ ರೀತಿಯೂ ಬೇರೆ. ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾದರೆ ತಮ್ಮ ರೂಮಿನಲ್ಲಿ ಕೂರಿಸಿ ಹೇಳುತ್ತಿರಲಿಲ್ಲ. ಬಾ ಅಂತ ಹೊರಗೆ ಕರೆದುಕೊಂಡು ಹೋಗಿ, ತೂಂಗುಮೂಂಜಿ ಮರದ ನೆರಳಿನಲ್ಲಿ ಗೇಟಿನ ತನಕ ಜೊತೆಗೆ ನಡೆಯುತ್ತಿದ್ದರು. ಹೇಳಬೇಕಾದದ್ದನ್ನು ಆ ದಾರಿಯಲ್ಲೇ ಹೇಳುತ್ತಿದ್ದರು. ಯಾಕೆ ಹೀಗೆ ಅಂತ ಒಮ್ಮೆ ಕೇಳಿದ್ದೆ. ಕೂತು ಕೇಳಿಸಿಕೊಂಡವನಿಗೆ ಆಮೇಲೆ ಏಳಲು ಕಷ್ಟವಾಗುತ್ತದೆ, ನಡೆಯುತ್ತ ಕೇಳಿದವನು ಹೇಗೋ ಮುಂದಕ್ಕೆ ನಡೆದುಬಿಡುತ್ತಾನೆ ಅಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೇಟಿನಲ್ಲಿ ಸರ್ ಆ ಮನುಷ್ಯನ ಭುಜದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ವಾಪಸು ಬರುವಾಗ ಅವರ ನಡಿಗೆ ನಿಧಾನವಾಗಿರುತ್ತಿತ್ತು. ಆ ದಿನ ಮಧ್ಯಾಹ್ನ ಅವರು ಊಟ ಮಾಡುತ್ತಿರಲಿಲ್ಲ.

ಇಂಟರ್‌ವ್ಯೂನಲ್ಲಿ ಆಯ್ಕೆಯಾಗದವರಿಗೂ ನಾನು ಏನೂ ಹೇಳಬೇಕಾಗಿರಲಿಲ್ಲ. ಮನೆಗೆ ಹೋಗಿ, ಕಾಗದ ಬರುತ್ತದೆ ಅಂದರೆ ಸಾಕಿತ್ತು. ಆದರೆ ಹೊರಗಿನ ಬೆಂಚಿನಲ್ಲಿ ಕೂತವರು ನನ್ನ ಮುಖ ನೋಡಿ "ಮೇಡಂ, ಕಿಡೈಕ್ಕುಮಾ?" ಅನ್ನುತ್ತಿದ್ದರು. ಸಿಗುತ್ತದಾ ಅಂತ. ಆ ಮುಖದಲ್ಲೆಲ್ಲ ನನಗೆ ಸೀತತ್ತೆಯೇ ಕಾಣುತ್ತಿದ್ದರು. ಸಿಗುವುದಿಲ್ಲ ಅಂತ ಗೊತ್ತಿದ್ದೂ ಸುಮ್ಮನೆ ಕಳಿಸಲು ಮನಸ್ಸು ಬರುತ್ತಿರಲಿಲ್ಲ. ಅದಕ್ಕೊಂದು ಉಪಾಯ ಹುಡುಕಿದೆ. ಹೊರಗಿನಿಂದ ಬಂದವರಿಗೆ ಕ್ಯಾಂಟೀನಿನಲ್ಲಿ ಊಟ ಹಾಕಿಸಲು ಹಳದಿ ಪ್ಲಾಸ್ಟಿಕ್ಕಿನ ಟೋಕನ್ನುಗಳಿದ್ದವು, ನನ್ನ ಡ್ರಾಯರಿನಲ್ಲೇ ಇರುತ್ತಿದ್ದವು. ಆಯ್ಕೆಯಾಗದವರ ಕೈಗೆ ಒಂದೊಂದು ಟೋಕನ್ ಕೊಟ್ಟು, ದೂರದಿಂದ ಬಂದಿದ್ದೀರಿ, ಊಟ ಮಾಡಿಕೊಂಡು ಹೋಗಿ ಅನ್ನುತ್ತಿದ್ದೆ. ಆಯ್ಕೆಯಾದವರು ಹೇಗೂ ಖುಷಿಯಲ್ಲಿರುತ್ತಾರೆ, ಅವರಿಗೆ ಊಟ ಯಾಕೆ?

ಪುಣ್ಯದ ಕೆಲಸ ಮಾಡುತ್ತಿದ್ದೇನೆ ಅಂತಲೇ ನನ್ನ ಭಾವನೆ. ಸಾಂಬಾರ್ ಸಾದ, ಮೊಸರನ್ನ, ಅಪ್ಪಳ ತಿಂದು ಹೊಟ್ಟೆ ತುಂಬಿದವನಿಗೆ ದುಃಖ ಸ್ವಲ್ಪ ಕಡಿಮೆಯಾಗುತ್ತದಲ್ಲ ಅಂದುಕೊಂಡಿದ್ದೆ. ಆದರೆ ಅಂಬತ್ತೂರು ಎಸ್ಟೇಟಿನಲ್ಲಿ ಗುಟ್ಟು ನಿಲ್ಲುವುದುಂಟೇ? ಟೀ ಅಂಗಡಿಗಳಲ್ಲಿ ಮಾತು ಹಬ್ಬಿತು. ಆ ಪಂಪ್ ಕಂಪೆನಿಯಲ್ಲಿ ಮೇಡಂ ಹಳದಿ ಟೋಕನ್ ಕೊಟ್ಟರೆ ಕೆಲಸ ಇಲ್ಲ ಅಂತ ಅರ್ಥ. ಇದು ನನ್ನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು.

ಒಂದು ದಿನ ಆವಡಿಯಿಂದ ಒಬ್ಬ ವೆಲ್ಡರ್ ಬಂದಿದ್ದ. ವಯಸ್ಸಾದವನು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ನಾನು ಟೋಕನ್ ಚಾಚಿದೆ. ಅವನು ಅದನ್ನು ನೋಡಿ, ಎರಡು ಬೆರಳಿನಿಂದ ಮೆಲ್ಲಗೆ ನನ್ನ ಕಡೆಗೇ ತಳ್ಳಿದ. "ಪಸಿಕ್ಕಲೆ ಮ್ಮಾ" ಅಂದ. ಹಸಿವಿಲ್ಲ ಅಮ್ಮಾ. ಅಂದವನು ಎದ್ದು ಹೊರಟೇಹೋದ. ಬೆಳಿಗ್ಗೆಯಿಂದ ಬೆಂಚಿನಲ್ಲಿ ಕೂತವನಿಗೆ ಹಸಿವಿಲ್ಲದೆ ಇರುತ್ತದೆಯೇ? ಅವನ ಬೆನ್ನು ನೋಡುತ್ತ ನಿಂತೆ. ಯಾಕೆ ಹಾಗೆ ಮಾಡಿದ ಅಂತ ತಿಳಿಯಲಿಲ್ಲ.

ತಿಳಿದದ್ದು ಏಕಾಂಬರಂ ಬಂದಾಗ. ತಿರುತ್ತಣಿಯ ಹುಡುಗ, ಟರ್ನರ್ ಕೆಲಸಕ್ಕೆ ಬಂದಿದ್ದ. ಒಳಗೆ ಸರ್ ಅವನನ್ನು ಮೆಚ್ಚಿ ಆಗಲೇ ತೆಗೆದುಕೊಂಡಾಗಿತ್ತು, ಆರ್ಡರ್ ಟೈಪಾಗಬೇಕಿತ್ತು, ಅಷ್ಟೆ. ಹುಡುಗನ ಮುಖ ಬಾಡಿತ್ತು. ಬೆಳಗಿನ ಜಾವ ಮನೆ ಬಿಟ್ಟವನು, ತಿಂಡಿಯೂ ತಿಂದಿಲ್ಲ ಅಂದ. ಅಯ್ಯೋ ಪಾಪ ಅಂತ ಟೋಕನ್ ಕೊಟ್ಟು, ತಿಂದು ಬಾ ಅಂದೆ. ಆರ್ಡರ್ ಟೈಪ್ ಮಾಡಿ, ಸಹಿ ಹಾಕಿಸಿ ಕೂತರೆ ಹುಡುಗ ಬರಲೇ ಇಲ್ಲ. ಕ್ಯಾಂಟೀನಿಗೂ ಹೋಗಿರಲಿಲ್ಲ. ಟೋಕನ್ ಬೆಂಚಿನ ಮೇಲಿತ್ತು. ವಾಚ್‌ಮನ್ ಹೇಳಿದ, ಆ ಹುಡುಗ ಕಣ್ಣೊರೆಸಿಕೊಂಡು ಸ್ಟೇಷನ್ ಕಡೆ ಹೋದ ಮೇಡಂ, ನೀವು ಟೋಕನ್ ಕೊಟ್ಟಿರಲ್ಲ.

ಆ ವಾಚ್‌ಮನ್ ಬಾಯಿಂದಲೇ ನನ್ನ ಟೋಕನ್ನಿನ ಕೀರ್ತಿ ನನಗೆ ಗೊತ್ತಾದದ್ದು. ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ. ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಈ ಸಲ ಅವರು ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ, ಒಳ್ಳೆಯ ಸುದ್ದಿ ಹೇಳಲು ನಿನಗೆ ಬರುತ್ತದಲ್ಲ, ನೀನೇ ಹೋಗಿ ಹೇಳಿ ಬಾ ಅಂದರು. ಮರುದಿನ ಆರ್ಡರ್ ಹಿಡಿದು ತಿರುತ್ತಣಿಗೆ ಹೋದೆ. ಬಾಗಿಲು ತೆಗೆದ ಅವನ ತಾಯಿ ಆ ಕಾಗದವನ್ನು ಕಣ್ಣಿಗೊತ್ತಿಕೊಂಡು, ನನ್ನನ್ನು ಕೂರಿಸಿ, ಬಾಳೆಲೆ ಹಾಕಿ ಊಟ ಬಡಿಸಿದರು. ಅಂದು ತಿಂದಷ್ಟು ರುಚಿಯಾಗಿ ನಾನು ಮತ್ತೆಲ್ಲೂ ಊಟ ಮಾಡಿಲ್ಲ. ಏಕಾಂಬರಂ ಮುಂದೆ ನಮ್ಮ ಟರ್ನಿಂಗ್ ವಿಭಾಗದ ಫೋರ್‌ಮನ್ ಆದ. ಕ್ಯಾಂಟೀನಿನಲ್ಲಿ ನನ್ನನ್ನು ಕಂಡಾಗಲೆಲ್ಲ ಇವತ್ತು ಯಾರಿಗೆ ಟೋಕನ್ ಮೇಡಂ ಅಂತ ಕೀಟಲೆ ಮಾಡುತ್ತಿದ್ದ. ಆದರೂ ನಾನು ಟೋಕನ್ ಕೊಡುವುದನ್ನು ಬಿಡಲಿಲ್ಲ. ತಿನ್ನುವವರು ತಿನ್ನಲಿ ಅಂತ.

ಆ ಕಾಲ ಹೇಗೆ ಹೋಯಿತೋ. ಬೆಳಿಗ್ಗೆ ಸೈರನ್ ಕೂಗುವುದು, ಸೈಕಲ್ಲುಗಳು ಒಂದರ ಹಿಂದೆ ಒಂದು ಗೇಟಿನೊಳಗೆ ನುಗ್ಗುವುದು, ಆಯುಧಪೂಜೆಯ ದಿನ ಲೇತ್ ಯಂತ್ರಗಳಿಗೆ ಕುಂಕುಮ, ಬಾಳೆಕಂದು, ಕೈತುಂಬ ಪೊರಿ, ನಮ್ಮ ಮಂಡಕ್ಕಿ. ಸರ್ ಮನೆಯಿಂದ ಅವರ ಹೆಂಡತಿ ಸೇಲಂ ಮಾವಿನಹಣ್ಣು ಕಳಿಸುತ್ತಿದ್ದರು. ಈಗಲೂ ಮೇ ತಿಂಗಳಲ್ಲಿ ಮಾವಿನ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಸರ್ ಅವರ ಮೇಜು.

ಆಮೇಲೆ ಕಂಪೆನಿ ಕೈ ಬದಲಾಯಿತು. ಹೊಸ ಡೈರೆಕ್ಟರ್ ಬಂದರು. ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ, ಎಲ್ಲರಿಗೂ ಮರ್ಯಾದೆ ಕೊಡುತ್ತಿದ್ದರು. ಮನುಷ್ಯನನ್ನು ರಿಪೇರಿ ಮಾಡಿ ಹೊಸದು ಮಾಡಬಹುದು ಅನ್ನುವ ನಂಬಿಕೆ ಮಾತ್ರ ಅವರಿಗೆ ಬಹಳ ಇತ್ತು. ಇಂಟರ್‌ವ್ಯೂಗೆ ಅಚ್ಚು ಹಾಕಿಸಿದ ಪ್ರಶ್ನೆಗಳು ಬಂದವು. ಅದರಲ್ಲಿತ್ತು ಈ ಪ್ರಶ್ನೆ, ನಿಮ್ಮ ದೌರ್ಬಲ್ಯ ಏನು, ಅದನ್ನು ಗೆಲ್ಲಲು ಏನು ಮಾಡುತ್ತಿದ್ದೀರಿ?

ಈ ಪ್ರಶ್ನೆ ಬಂದದ್ದೇ ತಡ, ಅದಕ್ಕೆ ಉತ್ತರ ಹೇಳಿಕೊಡುವ ತರಗತಿಗಳೂ ಬಂದವು. ಬಂದವರೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದರು. ನಾನು ಪರ್ಫೆಕ್ಷನಿಸ್ಟ್, ಎಲ್ಲವೂ ಸರಿಯಾಗುವ ತನಕ ಬಿಡುವುದಿಲ್ಲ, ಅದೇ ನನ್ನ ದೌರ್ಬಲ್ಯ. ಇನ್ನೊಬ್ಬ ಬಂದ, ಕೆಲಸ ಮಾಡುತ್ತ ಮಾಡುತ್ತ ಮನೆಯನ್ನೇ ಮರೆತುಬಿಡುತ್ತೇನೆ ಅಂದ. ಅವನಿಗಿನ್ನೂ ಕೆಲಸವೇ ಸಿಕ್ಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಪಕ್ಕದಲ್ಲಿ ಕೂತ ಮಾದೇಶನ್ ಸರ್ ನನಗೆ ಮಾತ್ರ ಕೇಳುವ ಹಾಗೆ, ಇಷ್ಟು ಒಳ್ಳೆಯವರನ್ನು ಇಟ್ಟುಕೊಂಡು ನಾವೇನು ಮಾಡುವುದಮ್ಮಾ ಅನ್ನುತ್ತಿದ್ದರು.

ಒಬ್ಬ ಹುಡುಗಿ ಮಾತ್ರ ನೆನಪಿದ್ದಾಳೆ, ಶಾಂತಿ ಅಂತ. ಕೋಡಂಬಾಕ್ಕಂನವಳು. ಅವಳ ತಂದೆ ಸಿನಿಮಾ ಸ್ಟುಡಿಯೋಗಳಲ್ಲಿ ದೀಪ ಹಿಡಿಯುವ ಕೆಲಸದವರು. ಮನೆಯಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಮಲಗಿ ಗೊತ್ತಿಲ್ಲ, ಬೆಳಿಗ್ಗೆ ಬೇಗ ಏಳುವುದು ನನ್ನಿಂದ ಆಗುವುದಿಲ್ಲ ಸಾರ್, ಎಷ್ಟು ಪ್ರಯತ್ನ ಮಾಡಿದರೂ ಆಗಿಲ್ಲ ಅಂದುಬಿಟ್ಟಳು. ಡೈರೆಕ್ಟರ್ ಹುಬ್ಬೇರಿಸಿ ಅವಳ ಹೆಸರಿನ ಮುಂದೆ ಗೀಟು ಹಾಕಿದರು. ಸರ್ ಪೆನ್ನು ಕೆಳಗಿಟ್ಟು, ಹಾಗಾದರೆ ಮಧ್ಯಾಹ್ನದ ಶಿಫ್ಟ್ ಮಾಡುತ್ತೀಯಾ ಅಂದರು. ಆ ಶಿಫ್ಟಿಗೆ ಗುಮಾಸ್ತರು ಸಿಗದೆ ನಾವು ಒದ್ದಾಡುತ್ತಿದ್ದೆವು. ಅವಳಿಗೆ ಕೆಲಸ ಸಿಕ್ಕಿತು, ಶಿಫ್ಟಿಗೂ ಒಂದು ದಾರಿಯಾಯಿತು. ಡೈರೆಕ್ಟರ್ ಆಗ ಒಪ್ಪಿಕೊಂಡರು. ಆದರೆ ಪ್ರಶ್ನೆಯನ್ನು ಬದಲಾಯಿಸಲಿಲ್ಲ.

ಆ ವರ್ಷ ನಮ್ಮನ್ನೂ ಕೂರಿಸಿ ಅದೇ ಪ್ರಶ್ನೆ ಕೇಳಿದರು. ನಾನು ಹಳೆಯ ಉತ್ತರವನ್ನೇ ಹೇಳಿದೆ, ಕೆಟ್ಟ ಸುದ್ದಿ ಹೇಳಲು ನನಗೆ ಬರುವುದಿಲ್ಲ. ಡೈರೆಕ್ಟರ್ ಪ್ರಾಮಾಣಿಕತೆ ಮೆಚ್ಚಿಕೊಂಡರು. ಇದನ್ನೇ ನಿಮ್ಮ ಶಕ್ತಿಯಾಗಿ ಬದಲಾಯಿಸೋಣ ಮೇಡಂ ಅಂದರು. ನಾನು ನಕ್ಕೆ. ನಗುವುದು ನನಗೆ ಯಾವತ್ತೂ ಒಳ್ಳೆಯದು ಮಾಡಿಲ್ಲ.

ಮಾದೇಶನ್ ಸರ್ ಆಗ ರಿಟೈರಾಗುವ ವಯಸ್ಸು ದಾಟಿದ್ದರು. ವರ್ಷ ವರ್ಷ ಅವರ ಅವಧಿ ಮುಂದುವರಿಸುತ್ತಿದ್ದರು. ಅದು ಮುಗಿಯುವ ತಿಂಗಳು ಬಂತು. ಈ ಸಲವೂ ಮುಂದುವರಿಯುತ್ತದೆ ಅಂತ ಅವರು ನಂಬಿದ್ದರು. ಅವರೇ ಆರಿಸಿದ ಅಪ್ರೆಂಟಿಸ್ ಮಕ್ಕಳ ತರಬೇತಿ ಇನ್ನೂ ನಡೆಯುತ್ತಿತ್ತು. ಅವರ ಕೆಲಸ ಖಾಯಂ ಆಗುವ ತನಕ ನಾನಿರುತ್ತೇನೆ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದರು. ಒಂದು ಬೆಳಿಗ್ಗೆ ಡೈರೆಕ್ಟರ್ ನನ್ನನ್ನು ಕರೆದರು. ಮಾದೇಶನ್ ಅವರನ್ನು ಮುಂದುವರಿಸುವುದಿಲ್ಲ, ಈ ತಿಂಗಳ ಕೊನೆಗೆ ಮುಗಿಯಿತು, ಇದನ್ನು ನೀವೇ ಅವರಿಗೆ ಹೇಳಬೇಕು ಅಂದರು. ನೀವೇ ಹೇಳಿ ಸಾರ್ ಅಂತ ಬೇಡಿಕೊಂಡೆ. ಇಲ್ಲ, ನಿಮ್ಮ ದೌರ್ಬಲ್ಯ ಗೆಲ್ಲಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ ಅಂದರು. ನಿಜವಾಗಿ ನನ್ನ ಒಳ್ಳೆಯದಕ್ಕೇ ಅಂತ ನಂಬಿದ್ದರು ಅವರು. ಬಾಗಿಲ ಹತ್ತಿರ ಹೋದವಳನ್ನು ನಿಲ್ಲಿಸಿ ಇನ್ನೊಂದು ಮಾತು ಸೇರಿಸಿದರು. ಸಂಜೆಯೊಳಗೆ ನೀವು ಹೇಳದಿದ್ದರೆ ಮೇಲ್ ಕಳಿಸಿಬಿಡುತ್ತೇನೆ.

ಮೇಲ್. ಒಬ್ಬ ಸ್ವೀಪರನ್ನು ಕೆಲಸದಿಂದ ಬಿಡಿಸುವಾಗಲೂ ಗೇಟಿನ ತನಕ ಜೊತೆಗೆ ನಡೆದ ಮನುಷ್ಯ ತನ್ನ ಸುದ್ದಿಯನ್ನು ಕಂಪ್ಯೂಟರಿನಲ್ಲಿ ಓದಬೇಕು. ಅದೊಂದು ಆಗಕೂಡದು ಅಂತ ಮನಸ್ಸು ಗಟ್ಟಿಮಾಡಿಕೊಂಡೆ.

ಗಟ್ಟಿಮಾಡಿಕೊಂಡದ್ದು ಅವರ ರೂಮಿನ ಬಾಗಿಲ ತನಕ. ಒಳಗೆ ಹೋಗಿ ಅಪ್ರೆಂಟಿಸ್ ಮಕ್ಕಳ ಶೂಗಳ ಬಗ್ಗೆ ಮಾತಾಡಿ ಬಂದೆ. ಮತ್ತೆ ಹೋಗಿ ಫ್ಯಾನಿನ ಸದ್ದು ಜಾಸ್ತಿಯಾಗಿದೆ ಅಂದು ಬಂದೆ. ಸರ್ ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು. ಊಟದ ಹೊತ್ತಾಯಿತು, ಊಟದ ಹೊತ್ತು ಮುಗಿಯುತ್ತ ಬಂತು. ಅವರಂತೆ ನಾನೂ ಹೊರಗೆ ಕರೆದುಕೊಂಡು ಹೋಗಿ ನಡೆಯುತ್ತ ಹೇಳೋಣ ಅಂದುಕೊಂಡೆ. ಕ್ಯಾಂಟೀನಿಗೆ ಹೋಗೋಣವಾ ಅಂತ ಕರೆಯುವುದು, ದಾರಿಯಲ್ಲಿ ಮರದ ಕೆಳಗೆ ಹೇಳಿಬಿಡುವುದು. ಎದ್ದೆ. ಏಳುವಾಗ ಕೈ ತನ್ನಷ್ಟಕ್ಕೆ ತಾನೇ ಡ್ರಾಯರ್ ಎಳೆದು ಒಂದು ಟೋಕನ್ ತೆಗೆದುಕೊಂಡಿತು. ಅಷ್ಟು ವರ್ಷದ ಅಭ್ಯಾಸ. ಅವರ ಮೇಜಿನ ಮುಂದೆ ನಿಂತು ಬಾಯಿ ತೆಗೆದೆ, ಮಾತು ಹೊರಡಲಿಲ್ಲ. ಟೋಕನ್ನನ್ನು ಅವರ ಮುಂದೆ ಇಟ್ಟೆ. ಇಟ್ಟ ಮೇಲೆ ನಾನೇನು ಮಾಡಿದೆ ಅಂತ ನನಗೆ ಹೊಳೆಯಿತು.

ಸರ್ ಓದುತ್ತಿದ್ದ ಕಾಗದದಿಂದ ತಲೆಯೆತ್ತಿದರು. "ಸ್ಟಾಫಿಗೆ ಟೋಕನ್ ಬೇಡವಲ್ಲಮ್ಮಾ, ನನಗೆ ಕಾರ್ಡ್ ಇದೆಯಲ್ಲ" ಅಂದರು. ಅವರು ಟೋಕನ್ ನೋಡಿದರು. ಆಮೇಲೆ ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟರು.

"ಓ. ನನಗೂ ಬಂತಾ?"

ನನಗೆ ಅಳು ಬಂದುಬಿಟ್ಟಿತು. ಸರ್ ಎದ್ದು ಟೋಕನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. "ಬಾಮ್ಮಾ, ಹಸಿವಾಗ್ತಿದೆ. ಸಾಪಾಡು ಮಾಡೋಣ" ಅಂದರು. ಆವಡಿಯ ಆ ವೆಲ್ಡರನ ಕಥೆ ಅವರಿಗೆ ಗೊತ್ತಿತ್ತು, ನಾನೇ ಹೇಳಿದ್ದೆ. ಹಸಿವಿಲ್ಲ ಅಂದುಬಿಟ್ಟರೆ ನನ್ನಿಂದ ತಡೆಯಲು ಆಗುವುದಿಲ್ಲ ಅಂತಲೂ ಅವರಿಗೆ ಗೊತ್ತಿತ್ತು. ಕೆಟ್ಟ ಸುದ್ದಿಯ ದಿನ ಊಟ ಬಿಡುತ್ತಿದ್ದ ಮನುಷ್ಯ ಅಂದು ನನಗೋಸ್ಕರ ಊಟ ಮಾಡಿದರು. ಮೊಸರನ್ನ ಕೇಳಿ ಹಾಕಿಸಿಕೊಂಡರು, ನನ್ನ ತಟ್ಟೆಗೂ ಹಾಕಿಸಿದರು. ಯಾರು ನಿರ್ಧಾರ ಮಾಡಿದರು, ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ಮಕ್ಕಳ ಬಗ್ಗೆ ಮಾತ್ರ ಹೇಳಿದರು. ಯಾವ ಹುಡುಗನಿಗೆ ಯಾವ ಕೆಲಸ ಕೊಡಬಾರದು ಅನ್ನುವುದನ್ನು ಒಬ್ಬೊಬ್ಬರ ಹೆಸರು ಹಿಡಿದು ನನಗೆ ಒಪ್ಪಿಸಿದರು. ಅವರ ಕೆಲಸ ಖಾಯಂ ಆಗುವ ತನಕ ನೀನು ಇರು ಅಂದರು. ಹೂಂ ಅಂದೆ.

ಸಂಜೆ ಡೈರೆಕ್ಟರ್ ಕೇಳಿದರು, ಹೇಳಿದಿರಾ? ಅವರಿಗೆ ಗೊತ್ತಾಗಿದೆ ಅಂದೆ. ಅವರು ಖುಷಿಪಟ್ಟು ಕೈ ಕುಲುಕಿದರು. ಆ ವರ್ಷದ ನನ್ನ ವರದಿಯಲ್ಲಿ, ಕಷ್ಟದ ಸುದ್ದಿ ತಿಳಿಸುವುದರಲ್ಲಿ ನಿಪುಣೆ ಅಂತ ಬರೆದರು. ನಾನು ತಿದ್ದಲು ಹೋಗಲಿಲ್ಲ.

ತಿಂಗಳ ಕೊನೆಯ ದಿನ ಮಾಲೆ, ಶಾಲು, ಭಾಷಣ ಎಲ್ಲ ಆಯಿತು. ಕಾರು ಗೇಟಿನ ಹೊರಗೆ ನಿಲ್ಲಲಿ ಅಂತ ಸರ್ ಹೇಳಿ ಕಳಿಸಿದ್ದರು. ಮರದ ಕೆಳಗೆ ನಾನು ಅವರ ಜೊತೆ ನಡೆದೆ. ಇಷ್ಟು ವರ್ಷ ಕಿಟಕಿಯಿಂದ ನೋಡಿದ ದಾರಿ ಅದು. ಎಷ್ಟು ಚಿಕ್ಕ ದಾರಿ ಅಂತ ಅಂದೇ ಗೊತ್ತಾದದ್ದು.

ಗೇಟಿನಲ್ಲಿ ನಿಂತು ಅವರು ಜೇಬಿನಿಂದ ಹಳದಿ ಟೋಕನ್ ತೆಗೆದು ನನ್ನ ಕೈಯಲ್ಲಿಟ್ಟರು. ಅಂದು ಕ್ಯಾಂಟೀನಿನಲ್ಲಿ ಅದನ್ನು ಕೊಟ್ಟೇ ಇರಲಿಲ್ಲ. "ಇದು ಕಂಪೆನಿಯದು. ಅವತ್ತು ನನ್ನ ಕಾರ್ಡಲ್ಲೇ ತಿಂದೆ, ಅವತ್ತು ನಾನಿನ್ನೂ ಸ್ಟಾಫೇ ಅಲ್ವಾ" ಅಂದರು. ನಾನು ಏನೋ ಹೇಳಲು ಹೋದೆ. ಕ್ಷಮಿಸಿ ಅನ್ನಬೇಕಿತ್ತು ಅನಿಸುತ್ತದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

"ಕೆಟ್ಟ ಸುದ್ದಿ ಹೇಳಕ್ಕೆ ನಿನಗೆ ಈಗಲೂ ಬರಲ್ಲ. ಪರವಾಯಿಲ್ಲೆ. ಬರೋದು ಬೇಡಮ್ಮಾ."

ನಿತ್ಯಾ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ನಿನಗೆ ಯಾವ ಕೆಲಸ ಕೊಡಬಾರದು ಅಂತ ನಿನಗೆ ಗೊತ್ತಿರುತ್ತದಲ್ಲ, ಅದನ್ನೇ ಹೇಳು. ಎಲ್ಲ ಕಡೆಯೂ ಅದರಿಂದ ಕೆಲಸ ಸಿಗುತ್ತದೆ ಅಂತ ನಾನು ಹೇಳಲಾರೆ, ಎಷ್ಟೋ ಕಡೆ ಗೀಟು ಬೀಳಬಹುದು. ಆದರೆ ಅದನ್ನು ಕೇಳಿ ಪೆನ್ನು ಕೆಳಗಿಡುವವರು ಎಲ್ಲಾದರೂ ಒಬ್ಬರು ಸಿಕ್ಕರೆ ಅವರನ್ನು ಬಿಡಬೇಡ. ನನಗೆ ಸಿಕ್ಕಿದ್ದರು.

ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಸೀಟಿಗೆ ವಾಪಸು ಬಂದೆ. ಟೋಕನ್ನನ್ನು ಡ್ರಾಯರಿಗೆ ಹಾಕಿದೆ. ಹೊರಗಿನ ಬೆಂಚಿನಲ್ಲಿ ಫಿಟ್ಟರ್ ಕೆಲಸಕ್ಕೆ ಬಂದ ಒಬ್ಬ ಯುವಕ ಮಧ್ಯಾಹ್ನದಿಂದ ಕಾದು ಕೂತಿದ್ದ. ಸಮಾರಂಭದ ಗಡಿಬಿಡಿಯಲ್ಲಿ ಯಾರೂ ಅವನನ್ನು ಕರೆದಿರಲಿಲ್ಲ. ಒಳಗೆ ಕರೆದು ಕೂರಿಸಿದೆ. ಅಚ್ಚು ಹಾಕಿದ ಪ್ರಶ್ನೆಗಳು ಎದುರಿಗಿದ್ದವು. ಅವನು ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ ಅಂತ ತುಟಿ ನೋಡಿದರೇ ಗೊತ್ತಾಗುತ್ತಿತ್ತು. ಕಾಗದವನ್ನು ಪಕ್ಕಕ್ಕೆ ಸರಿಸಿ, ತಮ್ಮಾ, ನಿನಗೆ ಯಾವ ಕೆಲಸ ಕೊಡಬಾರದು ಅಂತ ತಮಿಳಿನಲ್ಲಿ ಕೇಳಿದೆ.

ಅವನು ಕಣ್ಣು ಕಣ್ಣು ಬಿಟ್ಟ. ನಾನು ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟೆ.